ಕೇಳಿಸಿಕೊಂಡವರೆಲ್ಲ ಬರಬೇಕು

ನಮ್ಮ ಸೀಮೆಯಲ್ಲಿ ಠಾಣೆಯ ಕಿಟಕಿಯಿಂದಲೋ ದಾರಿಯಲ್ಲಿ ಹೋಗುವ ಪೇದೆಯ ಹೆಗಲಿನಿಂದಲೋ ಪೊಲೀಸರ ವೈರ್‌ಲೆಸ್ ಕರೆ ಒಮ್ಮೆ ಕಿವಿಗೆ ಬಿತ್ತೆಂದರೆ ಅದು ಕಿವಿಯಲ್ಲೇ ಉಳಿದುಬಿಡುತ್ತದೆ. ಕರೆ ಎಲ್ಲಿಂದ ಬಂತೋ ಆ ಜಾಗಕ್ಕೆ ಹೋಗಿ, ಅಲ್ಲಿ ನಿಂತು 'ಬಂದೆ' ಅನ್ನುವವರೆಗೂ ಅದಕ್ಕೆ ಬಿಡುಗಡೆಯಿಲ್ಲ. ಉಣ್ಣುವಾಗ, ಮಲಗಿದಾಗ, ಪೂಜೆಗೆ ಕೂತಾಗ ಅದೇ ದನಿ, ಅದೇ ಮಾತು, ಕೊನೆಗೆ ಅದೇ 'ಓವರ್'. ನಮ್ಮ ಬದಲು ಇನ್ನೊಬ್ಬರನ್ನು ಕಳಿಸಿದರೆ ನಡೆಯುವುದಿಲ್ಲ. ಎಷ್ಟು ಜನ ಕೇಳಿಸಿಕೊಂಡಿದ್ದಾರೋ ಅಷ್ಟೂ ಜನ ಬರಬೇಕು. ಹೀಗಾಗಿ ಯಾರದೋ ಅಡುಗೆಮನೆಗೆ ಒಂದು ಕೋತಿ ನುಗ್ಗಿದರೂ ಆ ಮನೆಯ ಮುಂದೆ ಸಂತೆ ಕೂಡುತ್ತದೆ. ಚಹಾದವನು ಸ್ಟೋವ್ ಹೊತ್ತಿಸುತ್ತಾನೆ, ಕಡಲೆಯವನು ಬುಟ್ಟಿ ಇಳಿಸುತ್ತಾನೆ, ಕೋತಿಗೆ ಹೊರಗೆ ಬರಲು ದಾರಿಯೇ ಇರುವುದಿಲ್ಲ.

ನೆಮ್ಮದಿ ಬೇಕಾದವರು ಕಿವಿಯಲ್ಲಿ ಅರಳೆ ಇಟ್ಟುಕೊಂಡು ಓಡಾಡುತ್ತಾರೆ. ನಮ್ಮೂರ ಪಾನಂಗಡಿಯಲ್ಲಿ ಎಲೆಯಡಿಕೆಯ ಜೊತೆ ಅರಳೆಯ ಉಂಡೆಯನ್ನೂ ಕೊಡುತ್ತಾರೆ. ನಮ್ಮ ಓಣಿಯ ವಿರೂಪಾಕ್ಷಪ್ಪನವರು ಹರೆಯದಲ್ಲಿ ಒಂದು ಕೆಂಪು ಹುಂಜ ಕಳೆದುಹೋದ ಕರೆ ಕೇಳಿಸಿಕೊಂಡರಂತೆ. ಇವತ್ತು ಹೋದರಾಯಿತು, ನಾಳೆ ಹೋದರಾಯಿತು ಅನ್ನುವಷ್ಟರಲ್ಲಿ ಆ ಊರಿಗೆ ಊರೇ ಹೊಸ ಕೆರೆಯಲ್ಲಿ ಮುಳುಗಿತು. ಅವರಿಗೆ ನೀರೆಂದರೆ ಭಯ. ಈಗಲೂ ಯಾರಾದರೂ ಅವರೊಡನೆ ಜೋರಾಗಿ ಮಾತಾಡಿದರೆ ಕೈ ಎತ್ತಿ, ಸ್ವಲ್ಪ ತಡೀರಿ, ಹುಂಜದ್ದು ಮುಗೀಲಿ, ಅನ್ನುತ್ತಾರೆ.

ಇಂಥ ಸೀಮೆಯಲ್ಲಿ ದುಡ್ಡು ಕೊಟ್ಟು ಸ್ಕ್ಯಾನರ್ ಕೊಂಡುತಂದವರು ಅಂದರೆ ನನ್ನ ಸೋದರಮಾವ ಮಡಿವಾಳಪ್ಪ ಒಬ್ಬರೇ. ಅಂಗೈಗಿಂತ ಸ್ವಲ್ಪ ದೊಡ್ಡದಾದ ಕರಿ ಡಬ್ಬಿ, ಅದಕ್ಕೊಂದು ಉದ್ದನೆಯ ಕಡ್ಡಿ. ಗುಂಡಿ ಒತ್ತಿದರೆ ಕೆಂಪು ಅಂಕಿಗಳು ಓಡುತ್ತವೆ. ಎಲ್ಲಿ ಯಾರಾದರೂ ಮಾತಾಡುತ್ತಿದ್ದಾರೋ ಅಲ್ಲಿ ನಿಲ್ಲುತ್ತವೆ. ಪೊಲೀಸರು, ಅಗ್ನಿಶಾಮಕದವರು, ಆಂಬುಲೆನ್ಸಿನವರು, ಯಾರ ಮಾತಾದರೂ ಸರಿ, ಅದು ಹಿಡಿದು ಕೊಡುತ್ತದೆ. ಮಾವ ಅದನ್ನು ತಮ್ಮ ಟ್ರ್ಯಾಕ್ಸ್ ಗಾಡಿಯ ಮುಂದಿನ ಗಾಜಿಗೆ ಕಟ್ಟಿಕೊಂಡು, ಕೆಲಸವಿದ್ದರೂ ಇಲ್ಲದಿದ್ದರೂ ಊರೂರು ತಿರುಗುತ್ತಿದ್ದರು. ಪಕ್ಕದ ಸೀಟಿನಲ್ಲಿ ಕೂತು ಗುಂಡಿ ತಿರುಗಿಸುವವಳು ನಾನು.

ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವಳು. ಹೆಸರು ಕೂಗಿದಾಗ 'ಹಾಜರ್' ಅನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ವರ್ಷವಿಡೀ ಮುಂದಿನ ಸಾಲಿನಲ್ಲೇ ಕೂತಿದ್ದರೂ ಗೈರುಹಾಜರಿ ಬಿತ್ತು, ಕೊನೆಗೆ ಹೆಸರು ಹೊಡೆದುಹಾಕಿದರು. ಹೋಗಿ ಹೇಳಬೇಕಿತ್ತು; ಅದಕ್ಕೂ ಬಾಯಿ ಬೇಕಲ್ಲ. ಮಾವನ ಗಾಡಿಯಲ್ಲಿ ಆ ತೊಂದರೆಯಿರಲಿಲ್ಲ. ಮಾತೆಲ್ಲ ಡಬ್ಬಿಯದು. ಒಂದು ಗುಡ್ಡ ಇಳಿಯುವಾಗ ಹಿಂದಿನ ಊರಿನ ದನಿ ಮಂಜಾಗುತ್ತ ಹೋಗಿ ಬರೀ ಸುಂಯ್ ಅನ್ನುವುದು, ಮುಂದಿನ ಗುಡ್ಡ ಏರುವಾಗ ಇನ್ನೊಂದು ಊರು ನಡುಮಾತಿನಲ್ಲೇ ಶುರುವಾಗುವುದು, ಇದರಷ್ಟು ಚೆಂದ ನಾನು ಬೇರೇನೂ ಕಂಡಿಲ್ಲ. ಎಂದೂ ನೋಡದ ಊರಿನ ಪೇದೆಗೆ ಮಧ್ಯಾಹ್ನ ಏನು ಪಲ್ಯ ಅನ್ನುವುದು ನಮಗೆ ಗೊತ್ತಿರುತ್ತಿತ್ತು. ಕರೆ ಬಿದ್ದಲ್ಲಿಗೆ ಹೋದಾಗ 'ಬಂದೆ' ಅನ್ನುವುದನ್ನು ಮಾತ್ರ ಹೇಗೋ ತುಟಿ ಅಲುಗಿಸಿ ಮುಗಿಸುತ್ತಿದ್ದೆ. ಕಿವಿ ಅಷ್ಟಕ್ಕೇ ಒಪ್ಪುತ್ತಿತ್ತು.

ತೊಂದರೆಯಾಗಿದ್ದು ನನ್ನ ಚಿಗವ್ವನಿಗೆ. ಚಿಗವ್ವ ಅಂದರೆ ಅವ್ವನ ತಂಗಿ, ಕಾಶವ್ವ. ಮೊದಲ ಸಲ ನಿಶ್ಚಯ ಕಾರ್ಯಕ್ಕೆ ಆಕೆಯನ್ನು ಕರೆದುಕೊಂಡು ಹೊರಟ ಮಾವ, ಅಂಚೆ ಕಚೇರಿಗೆ ನುಗ್ಗಿದ ಹೋರಿಯ ಕರೆಗೆ ಗಾಡಿ ತಿರುಗಿಸಿದರು. ನಾವು ತಲುಪುವಾಗ ಗಂಡಿನವರು ಉಂಡು, ಎಲೆ ಹಾಕಿಕೊಂಡು, ಬೇರೆ ಹೆಣ್ಣು ನೋಡಲು ಹೋಗಿಯಾಗಿತ್ತು. ಎರಡನೆಯ ಸಲ ಕಳೆದುಹೋಗಿದ್ದ ಮುದುಕನೊಬ್ಬನ ಕರೆ. ಆ ಮುದುಕ ಸಿಕ್ಕಿದ್ದು ಅವನದೇ ಮನೆಯ ಅಟ್ಟದ ಮೇಲೆ, ಗೊರಕೆ ಹೊಡೆಯುತ್ತ. ಅದಾದ ಮೇಲೆ ಕಾಶವ್ವನನ್ನು ಕೇಳಿಕೊಂಡು ಬಹಳ ದಿನ ಯಾರೂ ಬರಲಿಲ್ಲ. ಆಕೆಗೆ ನಲವತ್ತು ದಾಟಿತು.

ಆಮೇಲೆ ನಮ್ಮದೇ ಅಡುಗೆಮನೆಗೆ ಕೋತಿ ಬಂತು. ಪರವೂರುಗಳಿಂದೆಲ್ಲ ಜನ ಬಂದು ಬಾಗಿಲಲ್ಲಿ ನಿಂತು 'ಬಂದೆ, ಬಂದೆ' ಅಂದು ಹೋದರು. ಕೊನೆಯಲ್ಲಿ ಬಂದವರು ನದಿಯಾಚೆಯ ಊರಿನಲ್ಲಿ ಖಾನಾವಳಿ ನಡೆಸುವ ಶೇಖಪ್ಪ. ಅವರೂ 'ಬಂದೆ' ಅಂದರು, ಆದರೆ ಹೋಗಲಿಲ್ಲ. ಕೋತಿ ಅರ್ಧ ತಿಂದು ಎಸೆದಿದ್ದ ಜೋಳದ ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದು, ಇದನ್ನು ಬಡಿದವರು ಯಾರು ಎಂದು ಕೇಳಿದರು. ಕಾಶವ್ವ ಒಳಗಿನಿಂದ, ಕೋತಿಯಂತೂ ಅಲ್ಲ, ಅಂದಳು. ಅವರು ನಕ್ಕರು. ಮುಂದಿನ ವಾರ ಕೋತಿಯಿಲ್ಲದೆಯೂ ಬಂದರು. ಕಾಶವ್ವ ರೊಟ್ಟಿ ಬಡಿಯುವಾಗ ಹಾಡಿಕೊಳ್ಳಲು ಶುರುಮಾಡಿದ್ದು ಆಗಲೇ. ಇದನ್ನು ನಾನು ಯಾರಿಗೂ ಹೇಳಲಿಲ್ಲ, ಆದರೆ ನೋಡಿದ್ದೆ.

ಮದುವೆ ಗೊತ್ತಾಯಿತು. ಆದರೆ ಶೇಖಪ್ಪನವರ ಅಕ್ಕ ನೀಲಗಂಗವ್ವ ನಮ್ಮ ಕಥೆಯನ್ನೆಲ್ಲ ಕೇಳಿದ್ದರು. ಅವರೂರಿನ ರೀತಿಯೇ ಬೇರೆ. ಅಲ್ಲಿ ಠಾಣೆಯ ಮಾಡಿನ ಮೇಲೆ ಲೌಡ್‌ಸ್ಪೀಕರ್ ಕಟ್ಟಿ ವೈರ್‌ಲೆಸ್ಸನ್ನು ಊರಿಗೆಲ್ಲ ಕೇಳಿಸುತ್ತಾರೆ. ಯಾರೂ ಅರಳೆ ಇಡುವುದಿಲ್ಲ, ಇಟ್ಟರೆ ಮರ್ಯಾದೆ ಕಡಿಮೆ. ಕರೆ ಬಂದರೆ ಊರಿಗೆ ಊರೇ ಬೀಗ ಹಾಕಿಕೊಂಡು ಹೊರಡುತ್ತದೆ. ಹೀಗಾಗಿ ಅಲ್ಲಿ ಮದುವೆ ಅಂದರೆ ಒಂದು ಕರೆಗೂ ಇನ್ನೊಂದು ಕರೆಗೂ ನಡುವೆ ಸಿಕ್ಕ ಸಮಯದಲ್ಲಿ ಮುಗಿಯಬೇಕು. ನೀಲಗಂಗವ್ವ ಹೇಳಿ ಕಳಿಸಿದ್ದರು: "ಹೊತ್ತು ನೆತ್ತಿಗೆ ಬರೂದ್ರಾಗ ಹೆಣ್ಣು ಹಂದರದಾಗ ಇರಬೇಕು. ಇಲ್ಲಂದ್ರ ಹಂದರಾ ಬಿಚ್ಚತೀನಿ, ಸಂಬಂಧಾನೂ ಬಿಚ್ಚತೀನಿ."

ಅಪ್ಪ, ಅವ್ವ ಹಿಂದಿನ ದಿನವೇ ಪಾತ್ರೆಪರಡಿಯ ಜೊತೆ ಹೋಗಿದ್ದರು. ಮದುವೆಯ ಬೆಳಿಗ್ಗೆ ಟ್ರ್ಯಾಕ್ಸಿನಲ್ಲಿ ಮಾವ, ನಾನು, ಹಿಂದೆ ಬಾಸಿಂಗ ಕಟ್ಟಿಕೊಂಡ ಕಾಶವ್ವ, ಆಕೆಯ ಪಕ್ಕದಲ್ಲಿ ಆಯಿ. ಆಯಿ ಅಂದರೆ ನನ್ನ ಅಜ್ಜಿ, ಮಾವ, ಅವ್ವ, ಕಾಶವ್ವ ಮೂವರನ್ನೂ ಹೆತ್ತವಳು. ಸ್ಕ್ಯಾನರ್ ಮನೆಯಲ್ಲೇ ಇರಬೇಕೆಂದು ಆಕೆ ಮಗನ ಕೈಯಲ್ಲಿ ದೇವರ ಮುಂದೆ ಆಣೆ ಮಾಡಿಸಿದ್ದಳು. ಮಾವ ಡಬ್ಬಿಯನ್ನು ದೇವರ ಜಗಲಿಯ ಮೇಲಿಟ್ಟು, ಅದರ ಕಡ್ಡಿಯನ್ನು ಮಡಚಿ, ಮಗುವಿಗೆ ಹೊದಿಸಿದ ಹಾಗೆ ಟವೆಲ್ ಹೊದಿಸಿ ಬಂದರು.

ಊರು ದಾಟಿದ ಮೇಲೆ ಮೊದಲ ಕವಲು ಬಂತು. ಮಾವ ಗಾಡಿ ನಿಲ್ಲಿಸಿ, ಕುತ್ತಿಗೆ ಓರೆ ಮಾಡಿ ಕೂತರು. ಬಹಳ ಹೊತ್ತು ಕೂತರು. ಆಮೇಲೆ ಎಡಕ್ಕೆ ತಿರುಗಿದರು. ಒಂದು ಇಟ್ಟಿಗೆ ಭಟ್ಟಿ ಬಂತು. ಅಲ್ಲಿಂದ ವಾಪಸು ಬಂದು ಬಲಕ್ಕೆ ತಿರುಗಿದರು. ಗುಡ್ಡ ಸುತ್ತಿ, ಹಳ್ಳ ದಾಟಿ ಮುಂದೆ ಹೋದರೆ ಅದೇ ಇಟ್ಟಿಗೆ ಭಟ್ಟಿಯ ಹಿಂಬಾಗಿಲು. ಭಟ್ಟಿಯವರು ಮದುಮಗಳಿಗೆ ಎರಡನೆಯ ಸಲ ಕೈಮುಗಿದು, ಚಹಾ ಇಡಬೇಕೇ ಎಂದು ಕೇಳಿದರು.

ಆಗ ನಮಗೆಲ್ಲ ಒಂದು ಸಂಗತಿ ತಿಳಿಯಿತು. ಇಷ್ಟು ವರ್ಷ ಊರೂರು ತಿರುಗಿದರೂ ಮಾವನಿಗೆ ಒಂದು ದಾರಿಯೂ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ದನಿಗಳು. ಕೆಮ್ಮುವ ಹವಾಲ್ದಾರನ ದನಿ ಸಣ್ಣದಾದಲ್ಲಿ ಎಡಕ್ಕೆ, ಚುರುಮುರಿ ತಿನ್ನುತ್ತ ಮಾತಾಡುವ ಪೊಲೀಸ್ ಹೆಂಗಸು ಜೋರಾದಲ್ಲಿ ಬಲಕ್ಕೆ, ಎಲ್ಲ ದನಿಗಳೂ ಹೋಗಿ ಸುಂಯ್ ಅಂದರೆ ನೇರ. ಮರ, ಕಲ್ಲು, ಬೋರ್ಡು ಯಾವುದನ್ನೂ ಅವರು ಒಮ್ಮೆಯೂ ನೋಡಿರಲಿಲ್ಲ.

ಹಿಂದಿನ ಸೀಟಿನಲ್ಲಿ ಟ್ರಂಕಿನ ಚಿಲಕ ತೆಗೆದ ಸದ್ದಾಯಿತು. ಕಾಶವ್ವ ತನ್ನ ಮದುವೆ ಸೀರೆಗಳ ಕೆಳಗೆ ಕೈಹಾಕಿ, ಟವೆಲ್ಲಿನಲ್ಲಿ ಸುತ್ತಿದ್ದ ಕರಿ ಡಬ್ಬಿಯನ್ನು ಹೊರತೆಗೆದಳು.

"ತಗೊ ಅಣ್ಣ, ಹಚ್ಚು," ಅಂದಳು. "ಇದಿಲ್ದ ನೀ ನನ್ನ ಈ ಭಟ್ಟಿ ಮಾಲಕಗ ಕೊಟ್ಟು ಮನಿಗೆ ಹೊಕ್ಕಿ."

ಆಯಿ ದೇವರ ಆಣೆಯನ್ನು ನೆನಪಿಸಿದಳು. ಕಾಶವ್ವ, ಆಣೆ ಮಾಡಿದ್ದು ಅಣ್ಣ, ತಂದಿದ್ದು ನಾನು, ದೇವರಿಗೆ ಲೆಕ್ಕ ತಿಳಿಯುತ್ತದೆ, ಅಂದಳು. ಆಯಿ ಸೊಂಟದ ಚೀಲದಿಂದ ಅರಳೆ ತೆಗೆದು ತನ್ನ ಕಿವಿಗೆ ತುರುಕಿಕೊಂಡಳು. ಆಮೇಲೆ ದಾರಿಯುದ್ದಕ್ಕೂ ಆಕೆಗೆ ನಾವೆಲ್ಲ ಬಾಯಿ ಆಡಿಸುವ ಮೀನುಗಳಾದೆವು. ಕಾಶವ್ವನ ಕಿವಿ ತುಂಬ ಬುಗುಡಿ, ಜುಮುಕಿ, ಮುತ್ತಿನ ಸರ. ಅರಳೆ ಇಡಲು ಜಾಗವಿರಲಿಲ್ಲ.

ಉಪಾಯ ಹೀಗಿತ್ತು. ಡಬ್ಬಿಯನ್ನು ಸಣ್ಣಗೆ ಹಚ್ಚಿ ದನಿ ಯಾವುದೆಂದು ತಿಳಿದುಕೊಳ್ಳುವುದು. ಕರೆ ಶುರುವಾಯಿತು ಅನ್ನುವಷ್ಟರಲ್ಲಿ ನಾನು ಗುಂಡಿ ತಿರುಗಿಸಿ ಬಂದ್ ಮಾಡುವುದು. ಹವಾಲ್ದಾರನ ಊರಿನಲ್ಲಿ ಇದು ಚೆನ್ನಾಗಿ ನಡೆಯಿತು. ಅವನು ಪ್ರತಿ ಕರೆಗೂ ಮುಂಚೆ ಕೆಮ್ಮುತ್ತಾನೆ. ಕೆಮ್ಮಿದೊಡನೆ ಬಂದ್. ಆದರೆ ಚುರುಮುರಿಯವಳಲ್ಲಿ ಅಂಥ ಸುಳಿವೇನೂ ಇಲ್ಲ. ಅಗಿಯುತ್ತ ಅಗಿಯುತ್ತಲೇ, ಗಡಿ ಓಣಿಯ ನೀರಿನ ಟಾಕಿಯ ಮೇಲೆ ಆಡು ಹತ್ತಿದೆ, ಇಳಿಯಲೊಲ್ಲದು, ಓವರ್, ಅಂದುಬಿಟ್ಟಳು. ನನ್ನ ಬೆರಳು ಗುಂಡಿಗೆ ತಾಗುವಷ್ಟರಲ್ಲಿ ಆಡು ನಮ್ಮ ಕಿವಿಗೆ ಬಂದಾಗಿತ್ತು.

ಮದುವೆ ಮುಗಿಸಿ ಹೋದರಾಯಿತೆಂದು ಮಾವ ಹಲ್ಲು ಕಚ್ಚಿ ಗಾಡಿ ಓಡಿಸಿದರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಸ್ಟಿಯರಿಂಗ್ ತಾನಾಗಿಯೇ ಬಲಕ್ಕೆ ಎಳೆಯತೊಡಗಿತು. ಕಾಶವ್ವ ಒಂದಷ್ಟು ಸಹಿಸಿಕೊಂಡಳು. ಕೊನೆಗೆ, ಅಯ್ಯನವರು ಮಂತ್ರ ಹೇಳುವಾಗ ನನ್ನ ಕಿವಿಯಲ್ಲಿ ಆಡು ಬೇಡ, ಬೇಗ ಹೋಗಿ ಬರೋಣ, ಅಂದಳು.

ಟಾಕಿಯ ಕೆಳಗೆ ಹಗ್ಗ ಕಟ್ಟಿ ಸಾಲು ಮಾಡಿದ್ದರು. ಬಾಸಿಂಗ ಕಟ್ಟಿದ ಮದುಮಗಳು ಸಾಲಿನಲ್ಲಿ ನಿಂತಿದ್ದನ್ನು ಕಂಡು ಜನರೇ ದಾರಿ ಬಿಟ್ಟುಕೊಟ್ಟರು. ಕಾಶವ್ವ ತಲೆಯೆತ್ತಿ ಆಡಿಗೆ 'ಬಂದೆ' ಅಂದಳು. ಆಡು ಮೇಲಿನಿಂದ ಆಕೆಯನ್ನು ನೋಡಿ, ಬಾಯಲ್ಲಿದ್ದ ಯಾರದೋ ರುಮಾಲನ್ನು ಅಗಿಯುವುದು ನಿಲ್ಲಿಸಿತು. ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಮದುಮಗಳು ಓಣಿಗೆ ಬಂದಾಗ ಉಡಿ ತುಂಬದೆ ಕಳಿಸುವುದುಂಟೇ. ಆ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಅಕ್ಕಿ, ಕೊಬ್ಬರಿ, ಉತ್ತುತ್ತಿ ತಂದು ಉಡಿಗೆ ಹಾಕಿದರು. ಬೇಡ ಅನ್ನುವ ಹಾಗಿಲ್ಲ. ಅಲ್ಲಿಂದ ಹೊರಡುವಾಗ ಕಾಶವ್ವನ ಉಡಿ ಮುಂದಕ್ಕೆ ಬಂದು, ಆಕೆಯನ್ನು ಗಾಡಿಗೆ ಹತ್ತಿಸಲು ನಾನೂ ಆಯಿಯೂ ಹಿಂದಿನಿಂದ ನೂಕಬೇಕಾಯಿತು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು.

ಮುಂದೆ ಸುಂಯ್ ಅನ್ನುವ ದಾರಿ. ಅಲ್ಲಿ ಯಾವ ಊರಿನ ದನಿಯೂ ಇಲ್ಲ. ಮಾವ ಸಿಳ್ಳೆ ಹಾಕುತ್ತ ಗಾಡಿ ಓಡಿಸಿದರು. ಗುಡ್ಡದ ಆ ಬದಿಗೆ ನದಿ, ನದಿಗೆ ಹಳೆಯ ಕಿರಿದಾದ ಸೇತುವೆ, ಸೇತುವೆಯಾಚೆ ಇನ್ನೊಂದು ಗುಡ್ಡ ದಾಟಿದರೆ ಶೇಖಪ್ಪನವರ ಊರು. ಡಬ್ಬಿಯಲ್ಲಿ ಅವರೂರಿನ ದನಿ ಸಣ್ಣಗೆ ಬರತೊಡಗಿತ್ತು. ಆ ಠಾಣೆಯಲ್ಲಿ ವಯಸ್ಸಾದ ಜಮಾದಾರರೊಬ್ಬರಿದ್ದಾರೆ. ಯಾವ ಕರೆ ಕೊಟ್ಟರೂ ಕೊನೆಗೆ 'ಊಟಾ ಮಾಡಿಕೊಂಡು ಬರ್ರಿ' ಅನ್ನುತ್ತಾರೆ. ಅವತ್ತು ಅವರು ಕರೆ ಏನೂ ಕೊಡುತ್ತಿರಲಿಲ್ಲ, ಮದುವೆಯ ಹುಗ್ಗಿಗೆ ಬೆಲ್ಲ ಸಾಲದೆಂದು ಯಾರಿಗೋ ಹೇಳುತ್ತಿದ್ದರು. ಕೆಂಪು ಅಂಕಿ ನಿಂತ ಜಾಗವನ್ನು ನಾನು ನೋಡಿಕೊಂಡೆ. ಅದು ನನ್ನ ಚಟ. ಕಾಶವ್ವ ಹಿಂದಿನಿಂದ ಬಾಗಿ, ಬೆಲ್ಲ ಸಾಲದಂತೆ, ಎಂದು ನನ್ನ ಕಿವಿಯ ಹತ್ತಿರ ನಕ್ಕಳು.

ಅದೇ ಹೊತ್ತಿಗೆ ಅಂಕಿಗಳು ಓಡಿ ಬೇರೆ ಕಡೆ ನಿಂತವು. ಯಾರೋ ಕಿರುಚಿದರು. ಸೇತುವೆಯ ಮೇಲಿನ ಪೊಲೀಸ್ ಜೀಪಿನಲ್ಲಿ ಹಾವು ಹೊಕ್ಕಿದೆ, ಸೀಟಿನ ಕೆಳಗಿದೆ, ಅಯ್ಯೋ ನನ್ನ ಕಾಲಿನ ಹತ್ತಿರವೇ ಇದೆ, ಓವರ್, ಓವರ್.

ನಾವಾಗಲೇ ಸೇತುವೆಯ ಮೇಲಿದ್ದೆವು. ನಮ್ಮ ಮುಂದೆ ಎರಡು ಗಾಡಿ, ಅದರ ಮುಂದೆ ಬಾಗಿಲು ತೆರೆದ ಜೀಪು, ಸೇತುವೆಯ ಕಟ್ಟೆಯ ಮೇಲೆ ಬರಿಗಾಲಲ್ಲಿ ನಿಂತ ಪೇದೆ. ಒಂದು ಲೆಕ್ಕದಲ್ಲಿ ಅನುಕೂಲವೇ ಆಯಿತು. ಇಳಿಯದೆಯೇ 'ಬಂದೆ' ಅಂದು ಮುಗಿಸಿದೆವು. ಆದರೆ ಆ ಕರೆಯನ್ನು ಕೇಳಿದವರು ನಾವಷ್ಟೇ ಅಲ್ಲ. ನದಿಯ ಎರಡೂ ದಂಡೆಯ ತೋಟಗಳಿಂದ, ಗದ್ದೆಗಳಿಂದ, ದೋಬಿಘಾಟಿನಿಂದ ಎತ್ತಿನಗಾಡಿ, ಸೈಕಲ್ಲು, ಟಂಟಂ, ಒಂದು ಕಬ್ಬಿನ ಲಾರಿ, ಎಲ್ಲ ಬಂದು ಸೇತುವೆಗೆ ಸೇರಿಕೊಂಡವು. ಬಂದವರು 'ಬಂದೆ' ಅಂದರು. ಅಂದಮೇಲೆ ಹೋಗೋಣವೆಂದರೆ ಹಿಂದೆಯೂ ಗಾಡಿ, ಮುಂದೆಯೂ ಗಾಡಿ. ಮೂತಿಗೆ ಮೂತಿ ಹಚ್ಚಿ ನಿಂತವು. ಜೀಪನ್ನು ಬದಿಗೆ ಸರಿಸಿದರೆ ದಾರಿ ಬಿಡುತ್ತಿತ್ತು. ಸರಿಸಲು ಅದರೊಳಗೆ ಕೂರುವವರು ಯಾರು. ಹಾವಾಡಿಗನೊಬ್ಬ ಮಾತ್ರ ಬಂದಿರಲಿಲ್ಲ. ಅವನು ಅರಳೆ ಇಟ್ಟುಕೊಂಡು ಮಲಗಿದ್ದಾನೆಂದು ಯಾರೋ ಹೇಳಿದರು.

ಹೊತ್ತು ಏರುತ್ತಲೇ ಇತ್ತು. ಮಾವ ಕಬ್ಬಿನ ಲಾರಿಯವನಿಗೆ ಕೈಮುಗಿದರು, ಟಂಟಂನವನಿಗೆ ಬೈದರು, ಎತ್ತುಗಳಿಗೆ ಬುದ್ಧಿ ಹೇಳಿದರು. ನಡೆದುಕೊಂಡು ಹೋದರೆ ಎಷ್ಟು ಹೊತ್ತೆಂದು ಸುತ್ತಲಿನವರನ್ನು ಕೇಳಿದರೆ, ಗುಡ್ಡ ದಾಟಬೇಕು, ಇಳಿಹೊತ್ತಾಗುತ್ತದೆ, ಅಂದರು. ಕಾಶವ್ವ ಗಾಡಿಯಿಂದಿಳಿದು, ಆ ತುಂಬಿದ ಉಡಿಯ ಸಮೇತ ಸೇತುವೆಯ ಕಟ್ಟೆಯ ಮೇಲೆ ಕೂತಳು. ನದಿಯ ಕಡೆ ಮುಖ ಮಾಡಿದಳು. ಆಮೇಲೆ ಕೈ ಹಿಂದೆ ಹಾಕಿ ಬಾಸಿಂಗದ ದಾರದ ಗಂಟನ್ನು ಹುಡುಕತೊಡಗಿದಳು.

ನಾನು ಪಕ್ಕಕ್ಕೆ ಹೋಗಿ ನಿಂತೆ.

"ಆತ್ ಬಿಡವ್ವ," ಅಂದಳು. "ರೊಟ್ಟಿ ಎಲ್ಲಿ ಬಡದ್ರೇನ್. ಅವರ ಮನ್ಯಾಗ ಹೆಂಚು ದೊಡ್ಡದೈತಿ ಅಂದಿದ್ರು, ಅಷ್ಟ."

ಗಂಟು ಬಿಗಿಯಾಗಿತ್ತು. ಬಿಚ್ಚಲು ಬರುತ್ತಿರಲಿಲ್ಲ. ಆಕೆ ಬಿಚ್ಚುತ್ತಲೇ ಇದ್ದಳು. ಕಣ್ಣಿಗೆ ಹಚ್ಚಿದ್ದ ಕಾಡಿಗೆ ಬಾಸಿಂಗದ ಮುತ್ತುಗಳ ಹಿಂದೆ ಕೆನ್ನೆಗೆ ಇಳಿಯತೊಡಗಿತ್ತು.

ಇಲ್ಲಿ ನಾನು ಇನ್ನೊಂದು ಮಾತು ಹೇಳಬೇಕು. ಎಲ್ಲರೂ 'ಬಂದೆ, ಬಂದೆ' ಅನ್ನುವ ಗದ್ದಲದಲ್ಲಿದ್ದಾಗಲೇ ಆ ಹಾವು ಜೀಪಿನ ಹಿಂದಿನ ಗಾಲಿಯ ಪಕ್ಕದಿಂದ ಇಳಿದು, ಕಟ್ಟೆಯಲ್ಲಿ ಮಳೆನೀರು ಹೋಗಲು ಬಿಟ್ಟ ತೂತಿನಿಂದ ಹೊರಗೆ ಹೋಗಿಬಿಟ್ಟಿತ್ತು. ಬೆರಳಷ್ಟು ದಪ್ಪದ ನೀರುಹಾವು. ನಾನು ನೋಡಿದ್ದೆ. ಹೇಳಬೇಕೆಂದು ಪೇದೆಯ ಹತ್ತಿರದವರೆಗೂ ಹೋಗಿ, ಅವನ ಮೀಸೆ ನೋಡಿ ವಾಪಸು ಬಂದಿದ್ದೆ. ಗಾಡಿಗಳೆಲ್ಲ ಒಂದಕ್ಕೊಂದು ಸಿಕ್ಕಿಕೊಂಡ ಮೇಲೆ ಜೀಪು ಸರಿದರೂ ಪ್ರಯೋಜನವಿರಲಿಲ್ಲ. ಆದರೆ ಜೀಪಿನೊಳಗೆ ವೈರ್‌ಲೆಸ್ಸಿನ ಮೈಕು ತನ್ನ ಸುರುಳಿ ದಾರದಲ್ಲಿ ನೇತಾಡುತ್ತಿತ್ತು.

ನಾನು ಹೋಗಿ ಜೀಪಿನಲ್ಲಿ ಕೂತೆ. ಸುತ್ತಲಿನ ಜನ ಹೋ ಅಂದರು. ಪೇದೆ ಕಟ್ಟೆಯ ಮೇಲಿಂದಲೇ, ಇಳಿ ತಂಗಿ, ಇಳಿ, ಎಂದು ಕೈಬೀಸಿದ. ಮಾವ ನನ್ನ ಹೆಸರು ಹಿಡಿದು ಕೂಗಿದರು. ಹಾವು ಇನ್ನೂ ಒಳಗಿದೆ ಅಂದುಕೊಂಡು ಯಾರೂ ಹತ್ತಿರ ಬರಲಿಲ್ಲ. ನಾನು ವೈರ್‌ಲೆಸ್ಸಿನ ಗುಂಡಿಯನ್ನು ತಿರುಗಿಸುತ್ತ ಹೋದೆ. ಬೆಲ್ಲದ ಮಾತು ಬರುತ್ತಿದ್ದ ಅಂಕಿಗೆ ತಂದು ನಿಲ್ಲಿಸಿ, ಮೈಕಿನ ಗುಂಡಿ ಒತ್ತಿ ಹಿಡಿದೆ.

ಬಾಯಿ ಬರಲಿಲ್ಲ. ನನ್ನ ಉಸಿರೇ ಗುಡ್ಡದಾಚೆಯ ಊರಿನಲ್ಲಿ, ಠಾಣೆಯ ಮಾಡಿನ ಮೇಲಿಂದ, ಚಪ್ಪರದಲ್ಲಿ ಕೂತ ಅಷ್ಟೂ ಬೀಗರಿಗೆ ಕೇಳಿಸುತ್ತಿರಬೇಕೆಂದು ನೆನೆದು ಅದೂ ನಿಂತಂತಾಯಿತು. ಬೆರಳು ಬಿಟ್ಟೆ. ಆ ಕಡೆಯಿಂದ ಜಮಾದಾರರ ದನಿ ಮೆತ್ತಗೆ, ಯಾರವ್ವ ಅದು, ಮಾತಾಡು, ಅಂದಿತು. ನಾನು ಕಾಶವ್ವನ ಕಡೆ ನೋಡಿದೆ. ಗಂಟು ಬಿಚ್ಚಿಕೊಂಡಿತ್ತು.

"ಮದುವಿ ಹೆಣ್ಣು ಸೇತುವಿ ಮ್ಯಾಲ ಅಳಾಕತ್ತೈತ್ರಿ," ಅಂದೆ. "ಎಲ್ಲಾರೂ ಬರ್ರಿ. ಹುಗ್ಗಿ ತಗೊಂಡ ಬರ್ರಿ. ಓವರ್."

ಹುಗ್ಗಿ ಯಾಕೆ ಅಂದೆನೋ ಗೊತ್ತಿಲ್ಲ. ಕಿವಿಯಲ್ಲಿ ಬೆಲ್ಲವಿತ್ತು. ನಮ್ಮ ಡಬ್ಬಿಯಲ್ಲೂ ನನ್ನ ದನಿ ಕೇಳಿಸಿತಂತೆ. ಗಾಬರಿಯಲ್ಲಿ ಮಾವ ನಿಂತಲ್ಲೇ 'ಬಂದೆ' ಅಂದುಬಿಟ್ಟರು.

ಆಮೇಲೆ ಆಚೆಯ ಗುಡ್ಡದ ಮೇಲೆ ಧೂಳೆದ್ದಿತು. ಮೊದಲು ಬ್ಯಾಂಡಿನ ಸದ್ದು, ಅದರ ಹಿಂದೆ ಟ್ರ್ಯಾಕ್ಟರುಗಳು. ಎಲ್ಲಕ್ಕಿಂತ ಮುಂದಿನ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಬಾಸಿಂಗ ಕಟ್ಟಿಕೊಂಡ ಶೇಖಪ್ಪ, ಒಂದು ಕೈಯಲ್ಲಿ ರುಮಾಲು ಒತ್ತಿ ಹಿಡಿದು ಕೂತಿದ್ದರು. ಟ್ರೇಲರಿನಲ್ಲಿ ಅಯ್ಯನವರು, ಬೀಗರು, ನನ್ನ ಅಪ್ಪ ಅವ್ವ, ಇನ್ನೂ ಕುದಿಯುತ್ತಿದ್ದ ಹುಗ್ಗಿಯ ಕೊಪ್ಪರಿಗೆ, ಅದರೊಳಗೆ ಸಟ್ಟುಗ ತಿರುವುತ್ತಲೇ ಇದ್ದ ಅಡುಗೆಯವರು. ಊರಿಗೆ ಊರೇ ಬೀಗ ಹಾಕಿಕೊಂಡು ಬಂದಿತ್ತು. ಸೇತುವೆಯ ಆ ತುದಿಯಲ್ಲಿ ಇಳಿದವರು ಗಾಡಿಗಳ ಸಂದಿಯಿಂದ, ಎತ್ತುಗಳ ಹೊಟ್ಟೆಯ ಕೆಳಗಿನಿಂದ, ಕಬ್ಬಿನ ಲಾರಿಯ ಮೇಲೆ ಹತ್ತಿ ಇಳಿದು ಬಂದರು. ಶೇಖಪ್ಪ ಕಾಶವ್ವನ ಮುಂದೆ ಬಂದು ನಿಂತಾಗ ಅವರ ಬಾಸಿಂಗದಲ್ಲಿ ಕಬ್ಬಿನ ಸೋಗೆ ಸಿಕ್ಕಿಕೊಂಡಿತ್ತು.

"ಬಂದೆ," ಅಂದರು.

ಕಾಶವ್ವ ಕೆನ್ನೆಯ ಕಾಡಿಗೆ ಒರೆಸಿಕೊಂಡು, "ಭಾಳ ತಡಾ ಮಾಡಿದ್ರಿ," ಅಂದಳು. ಬಾಸಿಂಗವನ್ನು ಮತ್ತೆ ಹಣೆಗೆ ಹಿಡಿದು, ಕಟ್ಟು ಎಂದು ನನಗೆ ಬೆನ್ನು ತಿರುಗಿಸಿದಳು.

ಎಲ್ಲ ಸರಿಯಾಯಿತು ಅನ್ನುವಾಗ ನೀಲಗಂಗವ್ವ ಅಡ್ಡ ಬಂದರು. ಅಡ್ಡ ಬಂದರು ಅನ್ನುವುದಕ್ಕಿಂತ, ಬರಲಿಲ್ಲ. ಸೇತುವೆಯ ಆಚೆ ತುದಿಯಲ್ಲಿ ತಮ್ಮ ಬಿಳಿ ಕಾರಿನೊಳಗೆ ಗಾಜು ಏರಿಸಿಕೊಂಡು ಕೂತರು. ಮದುವೆಗೆ ಕಳಸ ಹಿಡಿಯಬೇಕಾದ ಕಳಸಗಿತ್ತಿ ಅವರೇ. ಕಳಸವಿಲ್ಲದೆ ಅಕ್ಕಿಕಾಳು ಬೀಳುವ ಹಾಗಿಲ್ಲ. ಹೊತ್ತು ನೆತ್ತಿಗೆ ಬರಲು ಒಂದು ಚಹಾ ಕುಡಿಯುವಷ್ಟು ಸಮಯ ಉಳಿದಿತ್ತು. ಅಯ್ಯನವರು ಹೋಗಿ ಗಾಜು ಬಡಿದರು. ನೀಲಗಂಗವ್ವ ಗಾಜನ್ನು ಎರಡು ಬೆರಳಷ್ಟು ಇಳಿಸಿ, ಹಂದರದಾಗ ಅಂದಿದ್ದೆ, ಸೇತುವಿ ಹಂದರಲ್ಲ, ಅಂದು ಮತ್ತೆ ಏರಿಸಿದರು.

ಅವರು ಮಾತಿಗೆ ತಪ್ಪುವವರಲ್ಲ. ಹೊರಡುವ ಮುಂಚೆ ನಿಜವಾಗಿಯೂ ಹಂದರ ಬಿಚ್ಚಿಸಿ, ಅದರ ಬಟ್ಟೆಯನ್ನು ಸುತ್ತಿ ಕಾರಿನ ಮೇಲೆಯೇ ಕಟ್ಟಿಸಿಕೊಂಡು ಬಂದಿದ್ದರು. ಮಾವ ಅದನ್ನು ಕಂಡರು. ಹಗ್ಗ ಬಿಚ್ಚಿ ಬಟ್ಟೆಯನ್ನು ಹೊತ್ತುತಂದು ಒಂದು ತುದಿಯನ್ನು ನಮ್ಮ ಟ್ರ್ಯಾಕ್ಸಿಗೆ, ಇನ್ನೊಂದನ್ನು ಜೀಪಿಗೆ, ಉಳಿದೆರಡನ್ನು ಕಬ್ಬಿನ ಲಾರಿಗೆ ಕಟ್ಟಿದರು. ಪೇದೆ ಕಟ್ಟೆಯಿಂದ ಇಳಿಯದೆಯೇ ಕೋಲಿನಿಂದ ನಡುವೆ ಎತ್ತಿ ಹಿಡಿದ. ಹೆಣ್ಣು ಗಂಡು ಅದರ ಕೆಳಗೆ ನಿಂತರು. ಹಂದರವೂ ಆಯಿತೆಂದು ಎಲ್ಲರೂ ಕಾರಿನ ಕಡೆ ನೋಡಿದರು. ಕಾರಿನ ಬಾಗಿಲು ತೆರೆಯಲಿಲ್ಲ.

ಗಾಜಿನೊಳಗೆ ಅವರು ಎರಡೂ ಅಂಗೈಗಳಿಂದ ಕಿವಿ ಮುಚ್ಚಿಕೊಂಡು ಕೂತಿದ್ದು ಕಾಣುತ್ತಿತ್ತು. ಮುಚ್ಚಿದರೆ ಏನೂ ಆಗುವುದಿಲ್ಲ, ಕರೆ ಇರುವುದು ಒಳಗೆ. ಅವರು ಮುಖ ಆ ಕಡೆ ತಿರುಗಿಸಿದರು. ಈ ಕಡೆ ತಿರುಗಿಸಿದರು. ತಲೆ ಕೊಡವಿದರು. ಯಾರಿಗೋ ಬೈಯುವ ಹಾಗೆ ತುಟಿ ಆಡಿಸಿದರು, ಸ್ವಲ್ಪ ಹೊತ್ತು ಸುಮ್ಮನೆ ಕೇಳಿಸಿಕೊಂಡರು, ಮತ್ತೆ ಬೈದರು. ಅಯ್ಯನವರು ಹಣೆಗೆ ಕೈ ಅಡ್ಡ ಹಿಡಿದು ಸೂರ್ಯನನ್ನು ನೋಡುತ್ತಿದ್ದರು. ಅಕ್ಕಿಕಾಳು ಹಿಡಿದ ಮುಷ್ಟಿಗಳೆಲ್ಲ ಬೆವತಿದ್ದವು.

ಕಾರಿನ ಬಾಗಿಲು ತೆರೆಯಿತು. ನೀಲಗಂಗವ್ವ ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದರು. ಎತ್ತುಗಳೂ ದಾರಿ ಬಿಟ್ಟವು. ತಮ್ಮನನ್ನು ನೋಡಲಿಲ್ಲ, ಮದುಮಗಳನ್ನು ನೋಡಲಿಲ್ಲ. ಎಲ್ಲಿ ಆಕಿ, ಎಂದು ಕೇಳಿದರು. ಅಷ್ಟೂ ಜನ ನನ್ನ ಕಡೆ ಬೆರಳು ತೋರಿಸಿದರು. ನಾನು ಜೀಪಿನ ಹಿಂದೆ ಸರಿಯಲು ನೋಡಿದೆ, ಜಾಗವಿರಲಿಲ್ಲ. ಅವರು ನನ್ನ ಎದುರಿಗೇ ಬಂದು ನಿಂತರು. ಅವರ ಹಣೆಯ ಕುಂಕುಮ ಬೆವರಿಗೆ ಮೂಗಿನವರೆಗೆ ಇಳಿದಿತ್ತು.

"ಬಂದೆ ತಾಯಿ, ಬಂದೆ," ಅಂದರು. "ಎಷ್ಟ್ ಮಾತಾಡ್ತಿ. ಬಾಯಿ ಮುಚ್ಚ ಇನ್ನ."

ಕಳಸಕ್ಕೆ ಕೈ ನೀಡಿ ಹಂದರದ ಕೆಳಗೆ ಹೋಗಿ ನಿಂತರು. ಅಯ್ಯನವರು ಮಂತ್ರ ಶುರುಮಾಡಿದರು, ಅಕ್ಕಿಕಾಳುಗಳು ಹೆಣ್ಣಿನ ಮೇಲೆ, ಗಂಡಿನ ಮೇಲೆ, ಎತ್ತುಗಳ ಮೇಲೆ, ಹುಗ್ಗಿಯ ಮೇಲೆ ಬಿದ್ದವು. ನಾನು ಮಾತ್ರ ಕೈಯಲ್ಲಿದ್ದ ಅಕ್ಕಿಕಾಳು ಎಸೆಯುವುದನ್ನೂ ಮರೆತು ನಿಂತಿದ್ದೆ. ಹುಟ್ಟಿದಾಗಿನಿಂದ ಆವತ್ತಿನವರೆಗೆ, ಬಾಯಿ ಮುಚ್ಚು ಎಂದು ನನಗೆ ಯಾರೂ ಹೇಳಿರಲಿಲ್ಲ.